ಮಕ್ಕಳು ಎದ್ದು ನಿಲ್ಲಲಿ
ಮಾತೆ ಮರಿಯಮ್ಮನವರ ಜನನದ ಹಬ್ಬದ ಪ್ರಬೋಧನೆ (ಸೆಪ್ಟೆಂಬರ್ 8)



ಒಂದು ಮನೆಯಲ್ಲಿ ಹೆಣ್ಣು ಮಗು ಹುಟ್ಟಿದ ದಿನವನ್ನು ಇಂದು ಇಡೀ ಧರ್ಮಸಭೆ ಹಬ್ಬವಾಗಿ ಆಚರಿಸುತ್ತಿದೆ. ಸಂತರ ವಿಷಯದಲ್ಲಿ ಧರ್ಮಸಭೆ ಸಾಮಾನ್ಯವಾಗಿ ಅವರು ಈ ಲೋಕವನ್ನು ಬಿಟ್ಟು ದೇವರನ್ನು ಸೇರಿದ ದಿನವನ್ನು ಸ್ಮರಿಸುತ್ತದೆ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರಿಗೆ ಮಾತ್ರ. ಡಿಸೆಂಬರ್ 25ರಂದು ನಮ್ಮ ಪ್ರಭು ಯೇಸುಕ್ರಿಸ್ತರ ಜನನ, ಜೂನ್ 24ರಂದು ಸ್ನಾನಿಕ ಯೊವಾನ್ನರ ಜನನ, ಸೆಪ್ಟೆಂಬರ್ 8ರಂದು ನಮ್ಮ ತಾಯಿ ಮರಿಯಮ್ಮನವರ ಜನನ. ಈ ಮೂವರಲ್ಲಿ ಹೆಣ್ಣು ಮಗು ಒಬ್ಬರೇ.

ಕರಾವಳಿಯ ನಮ್ಮ ಬಂಧುಗಳು ಇದನ್ನು ಮೊಂತಿ ಹಬ್ಬವೆಂದೂ ತೆನೆ ಹಬ್ಬವೆಂದೂ ಕರೆಯುತ್ತಾರೆ. ಒಂಬತ್ತು ದಿನ ಪುಟ್ಟ ಮಕ್ಕಳು ಬಾಲ ಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ. ಭಾರತದ ಧರ್ಮಸಭೆಯು ಇದೇ ದಿನವನ್ನು ಹೆಣ್ಣು ಮಕ್ಕಳ ದಿನವನ್ನಾಗಿಯೂ ಆಚರಿಸುತ್ತಾ ಬಂದಿದೆ. ಹೀಗೆ ಹೊಸ ತೆನೆ, ಹೆಣ್ಣು ಮಗು, ಕುಟುಂಬದ ಊಟ ಈ ಮೂರೂ ಒಂದೇ ದಿನದಲ್ಲಿ ಸೇರಿಕೊಂಡಿವೆ.

ಆದರೆ ಪ್ರಿಯರೇ, ಹೆಣ್ಣು ಮಗುವಿನ ಹುಟ್ಟುಹಬ್ಬವನ್ನು ಆಚರಿಸುವಾಗ ಆಕೆಯನ್ನು ಹೆತ್ತ ತಾಯಿಯನ್ನು ಮರೆಯಲು ಸಾಧ್ಯವೇ? ಮಗಳು ಹುಟ್ಟಿದ ದಿನ ಎಂದರೆ ಒಬ್ಬ ಹೆಣ್ಣು ತಾಯಿಯಾದ ದಿನವೂ ಹೌದು. ಆದ್ದರಿಂದ ಇಂದು ನಾವು ಮರಿಯಮ್ಮನವರನ್ನು ತಾಯಿಯಾಗಿ ನೋಡುವುದಕ್ಕೆ ಮುಂಚೆ ಮಗಳಾಗಿ ನೋಡೋಣ. ಮಗಳೊಬ್ಬಳು ತನ್ನ ತಾಯಿಯನ್ನು ಮೆಚ್ಚುವುದು, ಗೌರವಿಸುವುದು ಎಂದರೆ ನಿತ್ಯ ಜೀವನದಲ್ಲಿ ಏನು ಎಂಬುದನ್ನು ಧ್ಯಾನಿಸೋಣ.

ಅನ್ನಮ್ಮನವರ ಮಗಳು

ಮರಿಯಮ್ಮನವರ ತಂದೆತಾಯಿಯರ ಹೆಸರನ್ನು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಹೇಳಿಲ್ಲ. ಈ ದಿನ ಓದುವ ಸಂತ ಮತ್ತಾಯರ ಶುಭಸಂದೇಶದಲ್ಲಿ ಅಬ್ರಹಾಮನಿಂದ ಹಿಡಿದು ಜೋಸೆಫರವರೆಗೆ ಹೆಸರುಗಳ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ಬಹುಪಾಲು ಗಂಡಸರ ಹೆಸರುಗಳೇ. ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ, ಕೊನೆಗೆ ಮರಿಯಮ್ಮ, ಹೀಗೆ ಐವರು ಹೆಂಗಸರ ಪ್ರಸ್ತಾಪ ಮಾತ್ರ ಬರುತ್ತದೆ. ಉಳಿದ ತಾಯಂದಿರು ಎಲ್ಲಿ ಹೋದರು? ಹೆತ್ತರು, ಹಾಲೂಡಿಸಿದರು, ಬೆಳೆಸಿದರು. ಆದರೆ ಪಟ್ಟಿಯಲ್ಲಿ ಅವರಿಲ್ಲ. ನಮ್ಮ ಮನೆಗಳ ಲೆಕ್ಕಾಚಾರವೂ ಹೀಗೆಯೇ ಅಲ್ಲವೇ?

ಜೊವಾಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ನಮಗೆ ಸಿಕ್ಕಿರುವುದು ಸಂಪ್ರದಾಯದಿಂದ. ಎರಡನೆಯ ಶತಮಾನದಷ್ಟು ಹಳೆಯ, ಯಕೋಬನ ಹೆಸರಿನಲ್ಲಿರುವ ಒಂದು ಬರಹದಲ್ಲಿ ಅವರ ಕಥೆ ಬರುತ್ತದೆ. ಅದು ಬೈಬಲ್ಲಿಗೆ ಸೇರಿದ್ದಲ್ಲ. ಆದರೂ ಆದಿ ಕ್ರೈಸ್ತರು ಮರಿಯಮ್ಮನವರ ಮನೆಯನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದನ್ನು ಅದು ನಮಗೆ ತಿಳಿಸುತ್ತದೆ. ಬಹಳ ಕಾಲ ಮಕ್ಕಳಿಲ್ಲದ ಅನ್ನಮ್ಮನವರು ಕೊನೆಗೆ ಒಂದು ಮಗುವನ್ನು ಹೆರುತ್ತಾರೆ. ಮಗು ಯಾವುದು ಎಂದು ಸೂಲಗಿತ್ತಿಯನ್ನು ಕೇಳುತ್ತಾರೆ. ಹೆಣ್ಣು ಎಂಬ ಉತ್ತರ ಬರುತ್ತದೆ. ಆಗ ಅನ್ನಮ್ಮನವರ ಮುಖ ಬಾಡಲಿಲ್ಲ. ಈ ದಿನ ತನ್ನ ಆತ್ಮವು ಮೇಲಕ್ಕೆ ಏರಿತು ಎಂಬರ್ಥದ ಮಾತನ್ನಾಡಿ ಅವರು ಸಂತೋಷಪಟ್ಟರು ಎಂದು ಆ ಬರಹ ಹೇಳುತ್ತದೆ. ಮುಂದೆ ಎಲಿಜಬೇತಮ್ಮನವರ ಮನೆಯಲ್ಲಿ ಮರಿಯಮ್ಮನವರು ಹಾಡಿದ ಸ್ತೋತ್ರಗೀತೆಯೂ ಇಂಥದೇ ಮಾತಿನಿಂದ ಆರಂಭವಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಆ ಹಳೆಯ ಬರಹಗಾರನು ಮಗಳ ಹಾಡನ್ನು ತಾಯಿಯ ಬಾಯಲ್ಲಿಯೂ ಕೇಳಿಸಿದ್ದಾನೆ. ಮಗಳು ತಾಯಿಯಿಂದಲೇ ದೇವರನ್ನು ಸ್ತುತಿಸಲು ಕಲಿತಳು ಎಂದು ಅವನು ನಂಬಿದ್ದನೋ ಏನೋ!

ಅದೇ ಬರಹದಲ್ಲಿ ಇನ್ನೊಂದು ಚಿಕ್ಕ ಸಂಗತಿ ಇದೆ. ಮಗುವಿಗೆ ಆರು ತಿಂಗಳಾದಾಗ ತಾಯಿ ಅದನ್ನು ನೆಲದ ಮೇಲೆ ನಿಲ್ಲಿಸಿದಳಂತೆ. ಮಗು ಏಳು ಹೆಜ್ಜೆ ನಡೆದು ಮತ್ತೆ ತಾಯಿಯ ಮಡಿಲಿಗೆ ಬಂದಿತಂತೆ. ಮಗಳನ್ನು ನಿಲ್ಲಿಸಿದವಳು, ನಡೆಯಲು ಬಿಟ್ಟವಳು, ಬಂದಾಗ ಎತ್ತಿಕೊಂಡವಳು ತಾಯಿ. ಅನೇಕ ದೇವಾಲಯಗಳಲ್ಲಿ ನಾವು ನೋಡುವ ಚಿತ್ರದಲ್ಲಿ ಅನ್ನಮ್ಮನವರು ಪುಟ್ಟ ಮರಿಯಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಲು ಕಲಿಸುತ್ತಿರುತ್ತಾರೆ. ತಾಯಿಯ ಕೈಯಲ್ಲಿ ಪುಸ್ತಕ. ಮಗಳ ಕಣ್ಣು ಪುಸ್ತಕದ ಮೇಲೆ.

ಮರಿಯಮ್ಮನವರು ತಮ್ಮ ತಾಯಿಯಿಂದ ಏನೇನು ಕಲಿತರೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಅವರ ಮಗನ ಮಾತುಗಳನ್ನು ಗಮನವಿಟ್ಟು ಕೇಳಿದರೆ ಸ್ವಲ್ಪ ಊಹಿಸಬಹುದು. ದೇವರ ರಾಜ್ಯವನ್ನು ವಿವರಿಸುವಾಗ ಯೇಸುಸ್ವಾಮಿ ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸನ್ನು ನೆನೆಯುತ್ತಾರೆ. ಮೂರು ಅಳತೆ ಹಿಟ್ಟು ಎಂದು ಪ್ರಮಾಣವನ್ನೂ ಹೇಳುತ್ತಾರೆ. ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳ ಕಥೆ ಹೇಳುತ್ತಾರೆ. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಅಡುಗೆಮನೆಯನ್ನೂ ಪೊರಕೆಯನ್ನೂ ಸೂಜಿದಾರವನ್ನೂ ಹತ್ತಿರದಿಂದ ನೋಡಿದ ಮಗನ ಮಾತುಗಳಿವು. ನಜರೇತಿನ ಆ ಮನೆಯಲ್ಲಿ ತಾಯಿ ಕೆಲಸ ಮಾಡುವಾಗ ಮಗ ನೋಡುತ್ತಿದ್ದ. ಆ ತಾಯಿ ಮಗಳಾಗಿದ್ದಾಗ ತನ್ನ ತಾಯಿಯನ್ನು ನೋಡುತ್ತಿದ್ದಳು. ಮೆಚ್ಚುಗೆ ಎಂಬುದು ನೋಡುವುದರಿಂದ ಆರಂಭವಾಗುತ್ತದೆ.

ಕುಳಿತು ಹೊಗಳುವುದು, ಎದ್ದು ಹೊಗಳುವುದು

ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯವನ್ನು ನಾವು ಮದುವೆಗಳಲ್ಲಿಯೂ ವಯಸ್ಸಾದ ತಾಯಂದಿರ ಅಂತ್ಯಕ್ರಿಯೆಯಲ್ಲಿಯೂ ಕೇಳಿದ್ದೇವೆ. ಸಮರ್ಥಳಾದ ಗೃಹಿಣಿಯ ವರ್ಣನೆ ಅದು. ಇಪ್ಪತ್ತೆರಡು ವಚನಗಳು, ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳಿಂದ ಒಂದೊಂದು ಆರಂಭವಾಗುತ್ತದೆ. ತಾಯಿಯ ಕೆಲಸ ಹೇಳಲು ಅಕ್ಷರಮಾಲೆಯೇ ಮುಗಿದುಹೋಗುತ್ತದೆ ಎನ್ನುವ ಹಾಗೆ! ಈ ಅಧ್ಯಾಯದ ಆರಂಭದಲ್ಲಿರುವ ಬುದ್ಧಿಮಾತು ಲೆಮುವೇಲ ಎಂಬ ಅರಸನಿಗೆ ಅವನ ತಾಯಿ ಕಲಿಸಿದ್ದು ಎಂದೂ ಅಲ್ಲಿ ಹೇಳಿದೆ.

ಆ ಹೆಂಗಸು ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ. ನೂಲು ತೆಗೆಯುತ್ತಾಳೆ. ಹೊಲ ಕೊಳ್ಳುತ್ತಾಳೆ, ದ್ರಾಕ್ಷಿತೋಟ ನೆಡುತ್ತಾಳೆ. ರಾತ್ರಿಯಲ್ಲಿ ಅವಳ ದೀಪ ಆರುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕೊನೆಯ ಭಾಗದಲ್ಲಿ ಅವಳ ಮಕ್ಕಳು ಬರುತ್ತಾರೆ. ಅವರು ತಾಯಿಯನ್ನು ಧನ್ಯಳೆಂದು ಹೊಗಳುತ್ತಾರೆ. ಆದರೆ ಹೊಗಳುವುದಕ್ಕೆ ಮುಂಚೆ ಒಂದು ಕೆಲಸ ಮಾಡುತ್ತಾರೆ. ಏನು ಗೊತ್ತೇ? ಅವರು ಏಳುತ್ತಾರೆ. ಮಕ್ಕಳು ಎದ್ದು ಆಕೆಯನ್ನು ಹೊಗಳುತ್ತಾರೆ ಎಂದು ಪವಿತ್ರ ಗ್ರಂಥ ಹೇಳುತ್ತದೆ. ನಂತರದ ಕೊನೆಯ ವಚನ ಇನ್ನೂ ಮುಂದಕ್ಕೆ ಹೋಗಿ, ಅವಳ ಕೈಗಳು ದುಡಿದ ಫಲದಲ್ಲಿ ಅವಳಿಗೂ ಪಾಲು ಕೊಡಿ ಎಂದು ಆಜ್ಞಾಪಿಸುತ್ತದೆ.

ಪ್ರಿಯರೇ, ತಾಯಿಯನ್ನು ಕುಳಿತು ಹೊಗಳುವುದು ಬಹಳ ಸುಲಭ. ಊಟದ ತಟ್ಟೆಯ ಮುಂದೆ ಕುಳಿತು “ನಮ್ಮ ಅವ್ವನ ಕೈರುಚಿ ಯಾರಿಗೂ ಬರಲ್ಲ” ಎನ್ನುತ್ತೇವೆ. ತಾಯಂದಿರ ದಿನ ಬಂದರೆ ಮೊಬೈಲಿನಲ್ಲಿ ಫೋಟೋ ಹಾಕುತ್ತೇವೆ. ಅದು ತಪ್ಪಲ್ಲ. ಆದರೆ ಅಷ್ಟು ಹೊತ್ತೂ ಅವ್ವ ನಿಂತೇ ಇರುತ್ತಾಳೆ, ನಾವು ಕುಳಿತೇ ಇರುತ್ತೇವೆ. ದೇವರ ವಾಕ್ಯ ಕೇಳುವ ಹೊಗಳಿಕೆ ಬೇರೆ. ಮಕ್ಕಳು ಏಳಬೇಕು, ಅವ್ವ ಕೂರಬೇಕು. ಆಮೇಲೆ ಹೊಗಳಿಕೆ.

ಹುಳು ಮನೆಯ ದೀಪ

ನಮ್ಮ ಧರ್ಮಕೇಂದ್ರದ ಕಡೆ ಅನೇಕ ಕುಟುಂಬಗಳು ರೇಷ್ಮೆ ನಂಬಿ ಬದುಕುತ್ತಿವೆ. ಜ್ಞಾನೋಕ್ತಿಗಳ ಆ ಆರದ ದೀಪವನ್ನು ನಾವು ಹುಳು ಮನೆಗಳಲ್ಲಿ ನೋಡಿದ್ದೇವೆ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದು ಗೂಡು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ. ಅಷ್ಟರಲ್ಲಿ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಒಂದು ವಾರ ಅದರ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಒಂದು ವಾರದಲ್ಲೇ ಬೇಕು. ಹಗಲು ಸೊಪ್ಪು ಕೊಯ್ದು ತರಬೇಕು, ರಾತ್ರಿ ಎದ್ದು ಹಾಕಬೇಕು, ಹಾಸಿಗೆ ಬದಲಿಸಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಗಂಡಸರೂ ದುಡಿಯುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹುಳುವಿನ ಕೆಲಸದ ಜೊತೆಗೆ ಒಲೆ, ನೀರು, ದನ, ಬಟ್ಟೆ, ಮಕ್ಕಳು, ಮುದುಕರು ಎಲ್ಲವೂ ಯಾರ ಪಾಲಿಗೆ ಬೀಳುತ್ತವೆ?

ಅಂಥ ಒಂದು ಮನೆಯ ಮಗಳು ಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಳು. ಹೆಸರು ಬೇಡ. ಮನೆಯಲ್ಲಿ ಅವಳನ್ನು ಯಾವತ್ತೂ ಹುಳು ಮನೆಗೆ ಕರೆದವರಿಲ್ಲ. “ನೀನು ಓದ್ಕೋ ಹೋಗವ್ವ, ಇದು ಇದ್ದಿದ್ದೇ” ಎಂದು ತಾಯಿ ಕಳಿಸಿಬಿಡುತ್ತಿದ್ದಳು. ಒಮ್ಮೆ ರಜೆಗೆ ಬಂದಾಗ ಅವಳು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಲೇಜಿನಲ್ಲಿ ಕಲಿಸಿದ್ದ ಹಾಗೆ ಕಣ್ಣಿನ ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದಳು. ಒಳಗೆ ಕೆಂಪು ಇರಬೇಕಾದ ಕಡೆ ಬಿಳಿಚಿಕೊಂಡಿತ್ತು. “ಬಿಸಿಲಲ್ಲಿ ಸೊಪ್ಪು ಕೊಯ್ದು ಸುಸ್ತು ಕಣೆ, ಇನ್ನೇನಿಲ್ಲ” ಎಂದಳು ತಾಯಿ. ಮಗಳು ಬಿಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳಕ್ಕೂ ಕಡಿಮೆ ಇತ್ತು. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ಏನು ಊಟ ಮಾಡುತ್ತೀರಮ್ಮ ಎಂದು ವೈದ್ಯರು ಕೇಳಿದ್ದಕ್ಕೆ ತಾಯಿಯ ಉತ್ತರ, “ಮನೇಲಿ ಎಲ್ಲರೂ ಉಣ್ಣೋದೇ ನಾನೂ ಉಣ್ಣೋದು.”

ಆ ಮಾತು ನಿಜವೇ ಎಂದು ಮಗಳಿಗೆ ಗೊತ್ತಿರಲಿಲ್ಲ. ಏಕೆಂದರೆ ಅವ್ವ ಉಣ್ಣುವುದನ್ನು ಅವಳು ನೋಡಿಯೇ ಇರಲಿಲ್ಲ! ಎಲ್ಲರ ಊಟವಾಗಿ, ಎಲ್ಲರೂ ಎದ್ದುಹೋದ ಮೇಲೆ ತಾಯಿ ಉಣ್ಣುತ್ತಿದ್ದಳು. ಅಂದು ರಾತ್ರಿ ಮಗಳು ಅಡುಗೆಮನೆಯಲ್ಲೇ ಕುಳಿತು ಕಾದಳು. ತಳ ಹಿಡಿದಿದ್ದ ಮುದ್ದೆಯನ್ನು ಕೆರೆದು, ಕಾಳೆಲ್ಲ ಖಾಲಿಯಾಗಿ ನೀರಷ್ಟೇ ಉಳಿದ ಸಾರನ್ನು ಹಾಕಿಕೊಂಡು, ಆ ತಾಯಿ ಐದು ನಿಮಿಷದಲ್ಲಿ ಊಟ ಮುಗಿಸಿ ಹುಳು ಮನೆಗೆ ಹೊರಟಳು.

ಮಗಳು ನಮ್ಮ ಹತ್ತಿರ ಇದನ್ನು ಹೇಳುವಾಗ ಅತ್ತಳು. “ಹುಳಕ್ಕೆ ಎಷ್ಟನೇ ಜ್ವರ, ಎಷ್ಟು ಹೊತ್ತಿಗೆ ಸೊಪ್ಪು ಅಂತ ನಮ್ಮ ಮನೇಲಿ ಎಲ್ಲರಿಗೂ ಲೆಕ್ಕ ಗೊತ್ತು ಸ್ವಾಮಿ. ಅವ್ವನ ಜ್ವರ ಯಾರಿಗೂ ಗೊತ್ತಿಲ್ಲ. ನಾನು ಓದ್ತಾ ಕೂತಿದ್ದ ರಾತ್ರಿಯೆಲ್ಲ ಅವ್ವ ನಿದ್ದೆ ಬಿಟ್ಟು ದುಡಿದ ರಾತ್ರಿ” ಎಂದಳು. ಆ ಹುಡುಗಿಯ ಮಾತಿನಲ್ಲಿ ಇಂದಿನ ಪ್ರಬೋಧನೆಯೆಲ್ಲ ಅಡಗಿದೆ.

ಮುಂದೆ ಏನಾಯಿತು? ಅವಳು ಮನೆಯವರ ಮೇಲೆ ರೇಗಲಿಲ್ಲ. ರಕ್ತ ಪರೀಕ್ಷೆಯ ಚೀಟಿಯನ್ನು ಅಪ್ಪನ ಮುಂದೆ ಇಟ್ಟು, ತಮ್ಮನನ್ನೂ ಕರೆದು, ಅದರಲ್ಲಿರುವ ಅಂಕಿಯ ಅರ್ಥವನ್ನು ಹೇಳಿದಳು. ಅಪ್ಪ ಏನೂ ಮಾತನಾಡಲಿಲ್ಲ. ಅಂದು ರಾತ್ರಿ ಸೊಪ್ಪು ಹಾಕಲು ಅವನೇ ಎದ್ದ. ತಮ್ಮ ಬೆಳಿಗ್ಗೆ ನೀರು ತುಂಬಿದ. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಮುಂದಿನ ಬೆಳೆಯ ಹೊತ್ತಿಗೆ ತಮ್ಮನಿಗೆ ಮರೆವು ಬಂತು. ಮಗಳು ಹಾಸ್ಟೆಲಿನಿಂದ ಫೋನು ಮಾಡಿ ಜ್ಞಾಪಿಸಬೇಕಾಯಿತು. ಎಲ್ಲರಿಗಿಂತ ಹೆಚ್ಚು ಹಟ ಮಾಡಿದ್ದು ತಾಯಿಯೇ. ಗಂಡಸರ ಜೊತೆ ಕುಳಿತು ಉಣ್ಣು ಎಂದರೆ, “ಏನವ್ವ ಇದು, ನಂಗೆ ಕೂತು ಉಣ್ಣೋಕೆ ಬರಲ್ಲ” ಎಂದು ಎದ್ದುಬಿಡುತ್ತಿದ್ದಳು. ಬಿಸಿ ಮುದ್ದೆ ಹಾಕಿ, ತಟ್ಟೆ ಮುಂದಿಟ್ಟು, ಮಗಳು ಪಕ್ಕದಲ್ಲೇ ಕುಳಿತ ಮೇಲೆ ಆ ತಾಯಿ ಉಂಡಳು. ವೈದ್ಯರು ಹೇಳಿದ ಚಿಕಿತ್ಸೆ, ಮಾತ್ರೆ ಎಲ್ಲ ಆಗಿ, ತಿಂಗಳುಗಳ ನಂತರ ಅವಳ ರಕ್ತ ಸುಧಾರಿಸಿತು. ಈಗ ದೇವಾಲಯದ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದಿಲ್ಲ.

ಇದು ಒಂದು ಮನೆಯ ಕಥೆಯಷ್ಟೇ ಎಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದಲ್ಲಿಯೂ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಇತ್ತು. 2019ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಯವರಿಗಾಗಿ ಸಂಬಳವಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಎಂದರೆ ಸುಮಾರು ಐದು ಗಂಟೆ, ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೆಲಸ ಮಾಡಿದವರ ಲೆಕ್ಕ. ನೂರು ಗಂಡಸರಲ್ಲಿ 26 ಮಂದಿ ಮಾತ್ರ ಆ ಕೆಲಸಕ್ಕೆ ಕೈ ಹಾಕಿದ್ದರು. ಈಗ ಹೇಳಿ, ಅವ್ವ ಏಕೆ ಯಾವಾಗಲೂ ಸುಸ್ತಾಗಿರುತ್ತಾಳೆ ಎಂದು ನಾವು ಆಶ್ಚರ್ಯಪಡಬೇಕೇ?

ಮೂರು ಹೆಜ್ಜೆ

ಬಾಲ ಮರಿಯಮ್ಮನವರು ಏಳು ಹೆಜ್ಜೆ ಇಟ್ಟರೆಂದು ಕೇಳಿದೆವು. ಈ ಹಬ್ಬದಂದು ನಾವು ಮೂರು ಹೆಜ್ಜೆಯನ್ನಾದರೂ ಇಡೋಣ.

ಮೊದಲನೆಯದಾಗಿ, ನೋಡೋಣ. ತಾಯಿ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ಹೊತ್ತಿಗೆ ಮಲಗುತ್ತಾಳೆ, ಏನು ಉಣ್ಣುತ್ತಾಳೆ, ಅವಳಿಗೆ ಎಲ್ಲಿ ನೋವಿದೆ ಎಂಬುದನ್ನು ಮಕ್ಕಳಾದ ನಾವು ಬಲ್ಲೆವೇ? ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಮರಿಯಮ್ಮನವರು ಗಮನಿಸಿದರು. ಯಾರೂ ಅವರಿಗೆ ಹೇಳಿದಂತೆ ಕಾಣುವುದಿಲ್ಲ. ಬೇರೆಯವರ ಮನೆಯಲ್ಲಿ ಏನು ಮುಗಿದಿದೆ ಎಂದು ನೋಡುವ ಕಣ್ಣು ಅವರಿಗಿತ್ತು. ನಮ್ಮ ಮನೆಯಲ್ಲಿ ಅವ್ವನ ಶಕ್ತಿ ಮುಗಿಯುತ್ತಿರುವುದನ್ನು ನೋಡುವ ಕಣ್ಣು ನಮಗೆ ಬೇಡವೇ?

ಎರಡನೆಯದಾಗಿ, ಏಳೋಣ. ಇಲ್ಲಿ ಒಂದು ಎಚ್ಚರಿಕೆ ಬೇಕು. ತಾಯಿಯ ಕಷ್ಟ ಮಗಳಿಗೆ ಬೇಗ ಅರ್ಥವಾಗುತ್ತದೆ. ಏಕೆಂದರೆ ನಾಳೆ ಅದು ತನ್ನದೂ ಆಗಬಹುದೆಂದು ಅವಳಿಗೆ ಗೊತ್ತು. ಅದಕ್ಕೆ ಮಗಳು ಬೇಗ ಏಳುತ್ತಾಳೆ. ಮಗಳು ಎದ್ದಳೆಂದು ಮಗ ಕುಳಿತೇ ಇದ್ದರೆ ಏನಾಯಿತು? ತಾಯಿಯ ಹೆಗಲಿನ ಹೊರೆ ಮಗಳ ಹೆಗಲಿಗೆ ಹೋಯಿತು, ಅಷ್ಟೇ; ಮನೆ ಬದಲಾಗಲಿಲ್ಲ. ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡು ಪೊರಕೆ ಕೊಡುವುದು ತಾಯಿಗೆ ಮಾಡುವ ಗೌರವವಲ್ಲ. ಅನ್ನಮ್ಮನವರು ಮಗಳ ಕೈಗೆ ಕೊಟ್ಟದ್ದು ಪುಸ್ತಕ ಎಂದು ನಮ್ಮ ಚಿತ್ರಗಳು ಹೇಳುತ್ತವೆ. ನಮ್ಮ ಊರಿನ ತಾಯಂದಿರ ಆಸೆಯೂ ಅದೇ.

ಗಂಡಸರೇ, ಯುವಕರೇ, ಒಲೆಯ ಮುಂದೆ ಕೂರುವುದು ನಮಗೆ ಅವಮಾನವೆಂದು ತೋರುತ್ತದೆಯೇ? ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ಇಂದು ಮನೆಗೆ ಹೋಗಿ ಓದಿ. ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬರುತ್ತಾರೆ. ಅಲ್ಲಿ ಕೆಂಡ ಉರಿಯುತ್ತಿದೆ, ಅದರ ಮೇಲೆ ಮೀನಿದೆ, ರೊಟ್ಟಿಯಿದೆ. ಅದನ್ನು ಸಿದ್ಧಮಾಡಿದವರು ಯಾರು? ಮರಣವನ್ನು ಗೆದ್ದು ಎದ್ದ ಪ್ರಭು. ಶಿಷ್ಯರನ್ನು ಊಟಕ್ಕೆ ಕರೆದು ತಾವೇ ಬಡಿಸುತ್ತಾರೆ. ಕಡೆಯ ಭೋಜನದ ರಾತ್ರಿ ಶಿಷ್ಯರ ಕಾಲು ತೊಳೆಯಲು ಅವರು ಊಟದಿಂದ ಎದ್ದರು. ಇದನ್ನೆಲ್ಲ ಅವರು ನಜರೇತಿನ ಮನೆಯಲ್ಲಿ ನೋಡಿ ಕಲಿತಿರಬೇಕು. ಮರಿಯಮ್ಮನವರಂಥ ತಾಯಿಗೆ ತಕ್ಕ ಮಗ!

ಮೂರನೆಯದಾಗಿ, ಪಾಲು ಕೊಡೋಣ. ಜ್ಞಾನೋಕ್ತಿಗಳ ಕೊನೆಯ ವಚನವನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೋಗುವವನು ಅಪ್ಪ. ಹಣ ಕೈಗೆ ಬಂದರೂ ಬ್ಯಾಂಕಿಗೆ ಬಂದರೂ ಅಪ್ಪನ ಹೆಸರಿಗೇ. ಆ ಗೂಡಿನಲ್ಲಿ ಅವ್ವನ ಎಷ್ಟು ರಾತ್ರಿಗಳಿವೆ? ಹಣ ಬಂದ ದಿನ ಅವಳನ್ನು ಕರೆದು, ಇಷ್ಟು ಬಂತು, ಏನು ಮಾಡೋಣ ಹೇಳು ಎಂದು ಕೇಳುವ ಮನೆಗಳು ನಮ್ಮಲ್ಲಿ ಎಷ್ಟಿವೆ? ಹೊಲ ಕೊಳ್ಳುವ, ತೋಟ ನೆಡುವ ತೀರ್ಮಾನ ಮಾಡುವಷ್ಟು ಬುದ್ಧಿ ಹೆಂಗಸಿಗಿದೆ ಎಂದು ಪವಿತ್ರ ಗ್ರಂಥವೇ ಹೇಳಿರುವಾಗ, ಅವಳ ಮಾತನ್ನು ಕೇಳಲು ನಮಗೇಕೆ ಹಿಂಜರಿಕೆ? ಪಾಲು ಎಂದರೆ ಹಣ ಮಾತ್ರ ಅಲ್ಲ. ತಟ್ಟೆಯಲ್ಲಿ ಪಾಲು, ವಿಶ್ರಾಂತಿಯಲ್ಲಿ ಪಾಲು, ಔಷಧಿಯಲ್ಲಿ ಪಾಲು, ಮಾತಿನಲ್ಲಿ ಪಾಲು. ಹಸುವಿಗೆ ಕಾಯಿಲೆಯಾದರೆ ಅಂದೇ ಡಾಕ್ಟರನ್ನು ಕರೆಸುವವರು, ಅವ್ವನಿಗೆ ಹುಷಾರಿಲ್ಲದಿದ್ದರೆ ಬೆಳೆ ಮುಗಿಯಲಿ ಎನ್ನುತ್ತೇವೆ. ಇದು ಸರಿಯೇ?

1995ರಲ್ಲಿ ಜಗದ್ಗುರು ಸಂತ ಎರಡನೆಯ ಜಾನ್ ಪೌಲರು ಲೋಕದ ಎಲ್ಲ ಮಹಿಳೆಯರಿಗೆ ಒಂದು ಪತ್ರ ಬರೆದು, ತಾಯಂದಿರಿಗೆ, ಮಡದಿಯರಿಗೆ, ಹೆಣ್ಣು ಮಕ್ಕಳಿಗೆ, ಅಕ್ಕತಂಗಿಯರಿಗೆ, ದುಡಿಯುವ ಹೆಂಗಸರಿಗೆ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳಿದರು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಕುಟುಂಬದ ಕುರಿತು ಬರೆದ ಪ್ರೇಷಿತ ಪ್ರಬೋಧನೆಯಲ್ಲಿ, ದಯವಿಟ್ಟು, ಧನ್ಯವಾದ, ಕ್ಷಮಿಸಿ ಎಂಬ ಮೂರು ಮಾತುಗಳು ಮನೆಯಲ್ಲಿ ಕೇಳಿಬರಬೇಕೆಂದು ಜ್ಞಾಪಿಸಿದರು. ನಮ್ಮ ಹಳ್ಳಿಯ ಮನೆಗಳಲ್ಲಿ ಅವ್ವನಿಗೆ ಧನ್ಯವಾದ ಹೇಳುವ ರೂಢಿಯಿಲ್ಲ. ಹೇಳಿದರೆ “ಏನಾಯ್ತೋ ನಿಂಗೆ?” ಎಂದು ಹಣೆ ಮುಟ್ಟಿ ನೋಡುತ್ತಾಳೆ! ಪರವಾಗಿಲ್ಲ, ಒಂದು ಸಲ ಹೇಳಿ ನೋಡಿ. ಬಾಯಲ್ಲಿ ಬರದಿದ್ದರೆ ಕೈಯಲ್ಲಿ ಹೇಳಿ. ಉಂಡ ತಟ್ಟೆಯನ್ನು ನೀವೇ ತೊಳೆದಿಟ್ಟರೆ ಅವಳಿಗೆ ಅರ್ಥವಾಗುತ್ತದೆ.

ತಾಯಂದಿರೇ, ನಿಮಗೂ ಒಂದು ಮಾತು

ತಾಯಂದಿರೇ, ತ್ಯಾಗದ ಹೆಸರಿನಲ್ಲಿ ನಿಮ್ಮ ದೇಹವನ್ನು ಹಾಳುಮಾಡಿಕೊಳ್ಳಬೇಡಿ. ಅದು ದೇವರು ಕೊಟ್ಟ ದೇಹ, ಪವಿತ್ರಾತ್ಮರ ಆಲಯ. ಸುಸ್ತಾದರೆ ಹೇಳಿ. ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆ ಎಂದು ಸೂರಿನಲ್ಲಿ ಸಿಕ್ಕಿಸಿ ಮರೆಯಬೇಡಿ. ಹೋಗಿ ಹೇಳಿದರೆ ಅವರು ಬೇರೆ ದಾರಿ ತೋರಿಸುತ್ತಾರೆ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂಬುದನ್ನೂ ನೆನಪಿಡಿ. ಮಕ್ಕಳು ತಟ್ಟೆ ಹಾಕಿ ಕೂರು ಎಂದಾಗ ಕೂತುಕೊಳ್ಳಿ. ಪಡೆದುಕೊಳ್ಳುವುದೂ ಪ್ರೀತಿಯೇ. ನಿಮ್ಮ ಮಗ ಅಡುಗೆಮನೆಗೆ ಬಂದಾಗ “ಗಂಡು ಹುಡುಗ, ನಿನಗೇಕೆ ಇದು?” ಎಂದು ಆಚೆ ಕಳಿಸಬೇಡಿ. ನಾಳೆ ನಿಮ್ಮ ಮನೆಗೆ ಬರುವ ಸೊಸೆ ನಿಮ್ಮನ್ನು ನೆನೆಯುತ್ತಾಳೆ. ಬೇರೆ ಜನಾಂಗದ ರೂತಳು ತನ್ನ ಅತ್ತೆ ನವೊಮಿಯನ್ನು ಬಿಟ್ಟು ಹೋಗಲಿಲ್ಲ. ಹೊಲದಲ್ಲಿ ಹಕ್ಕಲಾಯ್ದು ತಂದು ಆಕೆಗೆ ಉಣ್ಣಲು ಕೊಟ್ಟಳು. ಹೆತ್ತವಳಲ್ಲದಿದ್ದರೂ ಮಗಳಾಗಬಹುದು ಎಂದು ಆ ಹೆಣ್ಣು ತೋರಿಸಿಕೊಟ್ಟಳು. ಅದಕ್ಕೇ ಇಂದಿನ ಪಟ್ಟಿಯಲ್ಲಿ ಅವಳ ಹೆಸರಿದೆ.

ತಾಯಿಯನ್ನು ಕಳೆದುಕೊಂಡವರೂ ಇಲ್ಲಿ ಇದ್ದೀರಿ. ಅವ್ವ ಇದ್ದಾಗ ನೋಡಲಿಲ್ಲವಲ್ಲ ಎಂಬ ಕೊರಗು ಕೆಲವರ ಎದೆಯಲ್ಲಿರಬಹುದು. ಆ ಕೊರಗನ್ನು ಇಂದು ಬಲಿಪೀಠದ ಮುಂದೆ ಇಡಿ. ಅವ್ವನಿಗೆ ಮಾಡಲಾಗದ್ದನ್ನು ನಿಮ್ಮ ಮಡದಿಗೆ, ಅತ್ತೆಗೆ, ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಮಾಡಿ. ಅದು ಅವ್ವನಿಗೆ ಸಲ್ಲುತ್ತದೆ.

ಪ್ರಿಯ ಸಹೋದರ ಸಹೋದರಿಯರೇ, ಇನ್ನು ಸ್ವಲ್ಪ ಹೊತ್ತಿಗೆ ಪ್ರಭು ಯೇಸು ತಮ್ಮ ದೇಹವನ್ನೇ ನಮಗೆ ಊಟವಾಗಿ ಕೊಡಲಿದ್ದಾರೆ. ಈ ಮೇಜಿನಲ್ಲಿ ಮೊದಲ ಪಂಕ್ತಿ, ಕಡೆಯ ಪಂಕ್ತಿ ಎಂಬುದಿಲ್ಲ. ಉಳಿದದ್ದು, ತಳ ಹಿಡಿದದ್ದು ಯಾರಿಗೂ ಇಲ್ಲ. ಗಂಡಿಗೂ ಹೆಣ್ಣಿಗೂ, ಯಜಮಾನನಿಗೂ ಆಳಿಗೂ ಅದೇ ಪರಮಪ್ರಸಾದ. ಇಲ್ಲಿ ಹೀಗೆ ಉಂಡು ಹೋದ ನಾವು ಮನೆಯಲ್ಲಿ ಬೇರೆ ರೀತಿ ಉಣ್ಣಬಹುದೇ? ಇಂದು ಮಧ್ಯಾಹ್ನ ಹಬ್ಬದ ಊಟಕ್ಕೆ ಕುಳಿತಾಗ ಒಮ್ಮೆ ಸುತ್ತ ನೋಡಿ. ಮನೆಯಲ್ಲಿ ಯಾರು ಇನ್ನೂ ನಿಂತಿದ್ದಾರೆ? ಅವರು ಬಂದು ಕೂರುವವರೆಗೆ ಅನ್ನಕ್ಕೆ ಕೈ ಹಾಕಬೇಡಿ. ಏಳಬೇಕಾದವರು ಏಳಿ.

ಬನ್ನಿ, ಪ್ರಾರ್ಥಿಸೋಣ. ಅನ್ನಮ್ಮನವರ ಮಗಳೇ, ನಮ್ಮ ತಾಯಿಯೇ ಮರಿಯಮ್ಮ, ನಮ್ಮ ಮನೆಗಳ ಹೆಣ್ಣು ಮಕ್ಕಳನ್ನು ಕಾಪಾಡಿ. ಅವರ ಓದು ನಿಲ್ಲದಿರಲಿ, ಅವರ ನಗು ಮಾಸದಿರಲಿ. ದಣಿದ ತಾಯಂದಿರಿಗೆ ವಿಶ್ರಾಂತಿ ದೊರಕಲಿ, ಕಾಯಿಲೆಯ ತಾಯಂದಿರಿಗೆ ಆರೈಕೆ ದೊರಕಲಿ. ನಿಮ್ಮ ಪುತ್ರನಂತೆ ನೋಡುವ ಕಣ್ಣನ್ನೂ ಏಳುವ ಮನಸ್ಸನ್ನೂ ಗಂಡು ಮಕ್ಕಳಿಗೆ ಬೇಡಿಕೊಡಿ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ, ಆಮೆನ್.

ಎಲ್ಲರಿಗೂ ಹಬ್ಬದ ಶುಭಾಶಯಗಳು.